ಬೆಕ್ಕಿನ ಮರಿ ಬಾಕ್ಸ್ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಮಾಡುತ್ತಿದೆ, ಏನು ಮಾಡಲಿ?

ಬೂದಿಬಾಲ
ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಬೆಕ್ಕಿನ ಮರಿ ಬಂದಿದೆ. ಹೆಣ್ಣು, ಮೂರು ತಿಂಗಳು ಇರಬಹುದು. ತಿನ್ನುವುದು, ಆಡುವುದು, ಮಲಗುವುದು ಎಲ್ಲ ಸರಿಯಾಗಿದೆ. ಕಕ್ಕ ಕೂಡ ಅದಕ್ಕೆಂದೇ ಇಟ್ಟ ಬಾಕ್ಸಿನಲ್ಲೇ. ಆದರೆ ಉಚ್ಚೆಗೆ ಮಾತ್ರ ಹಾಸಿಗೆಯೇ ಬೇಕು. ಅದರಲ್ಲೂ ಒಗೆದು ಮಡಿಸಿಟ್ಟ ಹೊದಿಕೆ ಕಂಡರೆ ಮುಗಿಯಿತು.

ನಾವೇನೂ ಕಡಿಮೆ ಮಾಡಿಲ್ಲ. ಮುಚ್ಚಳ ಇರುವ ಬಾಕ್ಸ್ ತಂದಿದ್ದೇವೆ. ಒಳಗೆ ಹೂವಿನ ವಾಸನೆಯ ಲಿಟರ್, ಅಂದರೆ ಬೆಕ್ಕು ಕೆದರಿ ಮುಚ್ಚಲು ಹರಡುವ ಪುಡಿ, ಹಾಕಿದ್ದೇವೆ. ಯಾರಿಗೂ ಅಡ್ಡ ಬರದಿರಲಿ ಅಂತ ವಾಷಿಂಗ್ ಮೆಷೀನ್ ಪಕ್ಕದ ಮೂಲೆಯಲ್ಲಿ ಇಟ್ಟಿದ್ದೇವೆ. ಮೂತಿ ಹಿಡಿದು ಒದ್ದೆ ಜಾಗಕ್ಕೆ ಉಜ್ಜಿದರೆ ಬುದ್ಧಿ ಬರುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದಕ್ಕೆ ಕಲಿಸುವುದು ಹೇಗೆ?

ತರ್ಲೆ_ತಮ್ಮ
ಹಾಸಿಗೆ ಅದಕ್ಕೆ ಬಿಟ್ಟುಕೊಡಿ, ನೀವು ಬಾಕ್ಸಿನಲ್ಲಿ ಮಲಗಿ. ಮುಂದಿನ ಪ್ರಶ್ನೆ?

ಮೂರು_ಬೆಕ್ಕಿನ_ಮನೆ
ಮೂತಿ ಉಜ್ಜುವ ಕೆಲಸ ಮಾತ್ರ ಬೇಡ. ಅದರಿಂದ ಬೆಕ್ಕಿಗೆ ತಿಳಿಯುವುದು ಒಂದೇ, ಈ ಮನುಷ್ಯ ಕಂಡರೆ ಓಡಬೇಕು. ಆಮೇಲೆ ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕಿಕೊಳ್ಳುತ್ತದೆ. ಮಂಚದ ಕೆಳಗೆ, ಸೋಫಾ ಹಿಂದೆ. ಮೂಗಿಗೆ ಬಡಿಯುವ ತನಕ ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನು ಕಲಿಸುವ ವಿಷಯ. ಮೊದಲ ಮೂರು ವಾರ ತಾಯಿ ನೆಕ್ಕಿದರೆ ಮಾತ್ರ ಮರಿ ಉಚ್ಚೆ ಮಾಡುತ್ತದೆ. ಅದು ದಾಟಿ ನಾಲ್ಕನೇ ವಾರದ ಹೊತ್ತಿಗೆ, ಸಡಿಲ ಮಣ್ಣೋ ಮರಳೋ ಸಿಕ್ಕಿದರೆ ತಾನೇ ಕೆದರಿ, ಮಾಡಿ, ಮುಚ್ಚುತ್ತದೆ. ಅದು ಹುಟ್ಟುಗುಣ, ಪಾಠ ಬೇಕಿಲ್ಲ. ನಿಮ್ಮ ಮರಿ ಕಕ್ಕಕ್ಕೆ ಬಾಕ್ಸಿಗೇ ಹೋಗುತ್ತಿದೆ ಅಂದಮೇಲೆ ಬಾಕ್ಸ್ ಯಾಕಿದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಅಲ್ಲಿ ಏನೋ ಹಿಡಿಸುತ್ತಿಲ್ಲ, ಅಷ್ಟೆ. ಮುಚ್ಚಳ, ಹೂವಿನ ವಾಸನೆ, ಗಡಗಡ ಅನ್ನುವ ಮೆಷೀನ್, ನೀವು ಹೇಳಿದ ಮೂರರ ಮೇಲೂ ನನಗೆ ಅನುಮಾನ ಇದೆ.

ಸೀದಾ_ಮಾತು
ನಮ್ಮದು ಬೇಕಂತಲೇ ಮಾಡುತ್ತಿತ್ತು. ಬೈದ ದಿನ ಸರಿಯಾಗಿ ನನ್ನ ದಿಂಬೇ ಆಗಬೇಕು. ಸೇಡು ಇಟ್ಟುಕೊಳ್ಳುವ ಪ್ರಾಣಿ ಸ್ವಾಮಿ ಇದು.

ಕೊತ್ತಿ_ಅಕ್ಕ
ಸೇಡೂ ಇಲ್ಲ ಗೀಡೂ ಇಲ್ಲ. ನೀವು ಬೈದಿರಿ, ಅದು ಹೆದರಿತು. ಹೆದರಿದ ಬೆಕ್ಕು ಪರಿಚಯದ ವಾಸನೆ ಇರುವ ಕಡೆ ಹೋಗುತ್ತದೆ. ನಿಮ್ಮ ವಾಸನೆ ಎಲ್ಲಕ್ಕಿಂತ ಜಾಸ್ತಿ ಇರುವುದು ದಿಂಬಿನಲ್ಲೇ ಅಲ್ವಾ?

ತರ್ಲೆ_ತಮ್ಮ
ಅದು ಪ್ರೀತಿ ತೋರಿಸಿದೆ, ಇವರು ಕೇಸ್ ಹಾಕಿದ್ದಾರೆ.

ಸೀದಾ_ಮಾತು
ದಿಂಬು ಒಗೆದವನು ನಾನು. ಪ್ರೀತಿ ಯಾವುದು ಅಂತ ನನಗೆ ಬಿಡಿ.

ಪ್ರಾಣಿ_ಡಾಕ್ಟ್ರು
ಸೇಡಿನ ಚರ್ಚೆ ಆಮೇಲೆ ಮಾಡಿ. ಬೂದಿಬಾಲ ಅವರೇ, ಮೊದಲು ಉಚ್ಚೆ ಪರೀಕ್ಷೆ ಮಾಡಿಸಿ. ಮೂತ್ರಕೋಶದಲ್ಲಿ ಊತ, ಹರಳು, ಸೋಂಕು ಏನೇ ಇದ್ದರೂ ಉಚ್ಚೆ ಮಾಡುವಾಗ ಉರಿಯುತ್ತದೆ. ಬಾಕ್ಸಿನಲ್ಲಿ ಕೂತಾಗಲೆಲ್ಲ ನೋವಾದರೆ ಬೆಕ್ಕು ಬಾಕ್ಸನ್ನೇ ದೂರುತ್ತದೆ. ಮೆತ್ತಗಿರುವ ಬೇರೆ ಜಾಗ ಹುಡುಕುತ್ತದೆ. ಮತ್ತೆ ಮತ್ತೆ ಹೋಗಿ ಚೂರು ಚೂರೇ ಮಾಡುವುದು, ತಿಣುಕುವುದು, ಕೂಗುವುದು, ಹಿಂಭಾಗ ನೆಕ್ಕುತ್ತಲೇ ಇರುವುದು, ಉಚ್ಚೆಯಲ್ಲಿ ಕೆಂಪು, ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ಒಳ್ಳೆಯದೇ. ಆಮೇಲೆ ನಿಶ್ಚಿಂತೆಯಾಗಿ ಬಾಕ್ಸಿನ ಕಡೆ ತಿರುಗಬಹುದು.

ಗಂಡು ಬೆಕ್ಕು ಸಾಕಿರುವವರು ಒಂದು ಮಾತು ಜಾಸ್ತಿ ನೆನಪಿಡಿ. ಗಂಡಿನ ಮೂತ್ರನಾಳ ತುಂಬಾ ಸಣ್ಣದು, ಕಟ್ಟಿಕೊಳ್ಳುವುದು ಸುಲಭ. ಬಾಕ್ಸಿಗೆ ಹೋಗಿ ಹೋಗಿ ಹನಿಯೂ ಬಾರದೆ ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 24 ರಿಂದ 48 ಗಂಟೆಯೊಳಗೆ ಜೀವಕ್ಕೇ ಅಪಾಯ. ಎಷ್ಟೋ ಜನ ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರುತ್ತಾರೆ.

ಬೂದಿಬಾಲ
ಥ್ಯಾಂಕ್ಸ್ ಡಾಕ್ಟ್ರೇ. ತಿಣುಕುವುದು, ಕೂಗುವುದು ಏನೂ ಇಲ್ಲ. ಒಂದೇ ಸಲ ಧಾರಾಳವಾಗಿ ಮಾಡುತ್ತದೆ, ಹೊದಿಕೆ ದಾಟಿ ಹಾಸಿಗೆಗೆ ಇಳಿಯುವಷ್ಟು. ಆದರೂ ಪರೀಕ್ಷೆ ಮಾಡಿಸುತ್ತೇನೆ. ಸ್ಯಾಂಪಲ್ ಹಿಡಿಯುವುದು ಹೇಗೆ? ಹಿಂದೆ ಲೋಟ ಹಿಡಿದು ಓಡಬೇಕಾ?

ತರ್ಲೆ_ತಮ್ಮ
ವಿಡಿಯೊ ಹಾಕಿ ದಯವಿಟ್ಟು.

ಪ್ರಾಣಿ_ಡಾಕ್ಟ್ರು
ಓಡಬೇಡಿ. ಉಚ್ಚೆ ಹೀರಿಕೊಳ್ಳದ ಪ್ಲಾಸ್ಟಿಕ್ ಮಣಿ ಲಿಟರ್ ಸಿಗುತ್ತದೆ. ತೊಳೆದು ಒಣಗಿಸಿದ ಬಾಕ್ಸಿಗೆ ಅದನ್ನು ಹಾಕಿದರೆ ಉಚ್ಚೆ ಕೆಳಗೆ ನಿಲ್ಲುತ್ತದೆ, ಸಿರಿಂಜಿನಲ್ಲಿ ಎಳೆದುಕೊಳ್ಳಿ. ಆದಷ್ಟು ಬೇಗ ತಲುಪಿಸಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಇದ್ಯಾವುದೂ ಆಗದಿದ್ದರೆ ಮರಿಯನ್ನೇ ಕರೆದುಕೊಂಡು ಹೋಗಿ. ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಲು ಭಯಂಕರ, ಮುಗಿಯುವುದು ಒಂದು ಕ್ಷಣದಲ್ಲಿ. ಸೋಂಕು ಇದೆಯಾ ಇಲ್ಲವಾ ಅಂತ ನೋಡಲು ಆ ಸ್ಯಾಂಪಲ್ಲೇ ಒಳ್ಳೆಯದು.

ಒಂಟಿ_ಮೀಸೆ
ಮುಚ್ಚಳದ ಬಗ್ಗೆ ನಾನು ಒಪ್ಪುವುದಿಲ್ಲ. ನಮ್ಮ ನಾಚಿಕೆ ಸ್ವಭಾವದ ಬೆಕ್ಕಿಗೆ ಮುಚ್ಚಳ ಇಲ್ಲದಿದ್ದರೆ ಆಗುವುದೇ ಇಲ್ಲ. ಯಾರಾದರೂ ಹಾದುಹೋದರೆ ಅರ್ಧಕ್ಕೇ ಎದ್ದು ಬರುತ್ತದೆ.

ಮೂರು_ಬೆಕ್ಕಿನ_ಮನೆ
ನಿಮ್ಮದಕ್ಕೆ ಬೇಕು, ಸರಿ. ಆದರೆ ಮುಚ್ಚಳ ಕೊಳ್ಳುವವರಲ್ಲಿ ಮುಕ್ಕಾಲು ಜನ ಬೆಕ್ಕಿಗಾಗಿ ಕೊಳ್ಳುವುದಿಲ್ಲ, ತಮ್ಮ ಮೂಗಿಗಾಗಿ ಕೊಳ್ಳುತ್ತಾರೆ. ಹೊರಗೆ ವಾಸನೆ ಬರುವುದಿಲ್ಲ ಅಂದರೆ ಅದೆಲ್ಲ ಒಳಗೇ ಇದೆ ಅಂತ ಅರ್ಥ. ಕಣ್ಣಿಗೆ ಕಾಣುವುದಿಲ್ಲ ಅಂತ ಶುಚಿ ಮಾಡುವುದನ್ನೂ ಮರೆಯುತ್ತಾರೆ. ಜೊತೆಗೆ ಒಂದೇ ಬಾಗಿಲು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಆ ಬಾಗಿಲಲ್ಲೇ ಹೊಂಚು ಹಾಕಿ ಕೂರುತ್ತದೆ, ಒಳಗಿನದು ಸಿಕ್ಕಿಬೀಳುತ್ತದೆ. ಮಧ್ಯದವಳು ದೊಡ್ಡವನಿಗೆ ಮಾಡುವುದನ್ನು ದಿನಾ ನೋಡುತ್ತಿದ್ದೇನೆ.

ಕೊತ್ತಿ_ಅಕ್ಕ
ಜಗಳ ಯಾಕೆ, ಎರಡು ಬಾಕ್ಸ್ ಇಟ್ಟು ಅದನ್ನೇ ಕೇಳಿ. ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಬೇಡ. ಹೇಗೂ ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇರಬೇಕು ಅನ್ನುವುದು ರೂಢಿ. ಒಂದು ಬೆಕ್ಕಿಗೆ ಎರಡು. ಉಚ್ಚೆಗೊಂದು ಕಕ್ಕಕ್ಕೊಂದು ಅಂತ ಇಟ್ಟುಕೊಳ್ಳುವ ಬೆಕ್ಕುಗಳು ಬೇಕಾದಷ್ಟಿವೆ. ಈ ಮರಿಯದೂ ಅದೇ ಕಥೆ ಇರಬಹುದು.

ಆದರೆ ಎರಡನ್ನೂ ಅಕ್ಕಪಕ್ಕ ಇಡಬೇಡಿ. ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಬಾಕ್ಸ್.

ಸೀದಾ_ಮಾತು
ಮೂರು ಬೆಕ್ಕಿಗೆ ನಾಲ್ಕು ಬಾಕ್ಸಾ? ಮನುಷ್ಯರು ಎಲ್ಲಿ ನಿಲ್ಲಬೇಕು?

ಮೂರು_ಬೆಕ್ಕಿನ_ಮನೆ
ನಾವು ನಡುವೆ ಜಾಗ ಮಾಡಿಕೊಂಡು ಓಡಾಡುತ್ತೇವೆ.

ಹಿತ್ತಲ_ಗಿಡ
ಅಳತೆಯ ಬಗ್ಗೆ ಯಾರೂ ಹೇಳಲಿಲ್ಲ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಉದ್ದದ ಬಾಕ್ಸ್ ಬೇಕು. ಬೆಕ್ಕಿನ ಬಾಕ್ಸ್ ಅಂತ ಮಾರುವುದರಲ್ಲಿ ಹೆಚ್ಚಿನವು ಅಷ್ಟಿರುವುದಿಲ್ಲ. ನಾನು ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೊಂಡು ಒಂದು ಕಡೆ ಗೋಡೆ ಕತ್ತರಿಸಿಕೊಂಡೆ. ಮೊದಲು ಪೆನ್ನಿನಲ್ಲಿ ಇಂಗ್ಲಿಷ್ ಯು ಅಕ್ಷರದ ಹಾಗೆ ಗೆರೆ ಹಾಕಿ. ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಮಾಡಿಕೊಂಡರೆ ಬಿರುಕು ಬಿಡುವುದಿಲ್ಲ. ಆಮೇಲೆ ಕತ್ತರಿಸಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ. ಅಂಗೈ ಸವರಿ ನೋಡಿ, ಎಲ್ಲೂ ಚುಚ್ಚಬಾರದು. ಮರಿಗೆ ಬಾಗಿಲು ತಗ್ಗಾಗಿ ಇರಲಿ. ಉಳಿದ ಮೂರು ಗೋಡೆ ಎತ್ತರ ಇರುವುದರಿಂದ ಕೆದರಿದ ಲಿಟರ್ ಹೊರಗೆ ಹಾರುವುದೂ ಕಡಿಮೆ.

ಹೊಸಬ_ಇಲ್ಲಿ
ಲಿಟರ್ ಯಾವುದು ಒಳ್ಳೆಯದು? ಅಂಗಡಿಯಲ್ಲಿ ಹತ್ತು ತರ ಇದೆ, ತಲೆ ಕೆಡುತ್ತದೆ.

ಹಿತ್ತಲ_ಗಿಡ
ವಾಸನೆ ಹಾಕದ, ನುಣ್ಣಗಿನ, ಗಟ್ಟಿ ಕಟ್ಟುವ ಮಣ್ಣಿನದು. ಕಣ್ಣು ಮುಚ್ಚಿ ತಗೊಳ್ಳಿ. ಸಾಕುಬೆಕ್ಕಿನ ಮೂಲ ಒಣ ನಾಡಿನ ಕಾಡುಬೆಕ್ಕು, ಹಾಗಾಗಿ ಪಾದಕ್ಕೆ ಮರಳಿನ ಹಾಗೆ ಸಿಕ್ಕಿದರೆ ಖುಷಿ. ಎರಡು ಮೂರು ಇಂಚು ದಪ್ಪ ಇರಲಿ, ಕೆದರಲು ಬೇಕು.

ಪ್ರಾಣಿ_ಡಾಕ್ಟ್ರು
ದೊಡ್ಡ ಬೆಕ್ಕಿಗೆ ಅದು ಸರಿ. ತೀರಾ ಸಣ್ಣ ಮರಿಗೆ ಗಟ್ಟಿ ಕಟ್ಟುವ ಲಿಟರ್ ಬೇಡ. ಮರಿಗಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತವೆ. ನೀರು ತಾಗಿದರೆ ಉಂಡೆಯಾಗುವ ಮಣ್ಣು ಹೊಟ್ಟೆಯಲ್ಲೂ ಉಂಡೆಯಾಗಬಹುದು. ತಿನ್ನುವ ಚಟ ಹೋಗುವ ತನಕ ಕಾಗದದ ಗುಳಿಗೆ, ಮರದ ಗುಳಿಗೆ ಅಥವಾ ಗಟ್ಟಿ ಕಟ್ಟದ ಮಣ್ಣು ಸಾಕು.

ಹಳೇ_ಪೇಪರ್
ಈ ಮಣ್ಣಿನ ಲಿಟರಿಗೆ ಒಂದು ಇತಿಹಾಸ ಇದೆ ಗೊತ್ತಾ? 1947 ಕ್ಕೆ ಮೊದಲು ಅಮೆರಿಕದಲ್ಲೂ ಜನ ಬೆಕ್ಕಿಗೆ ಇಡುತ್ತಿದ್ದುದು ಮರಳು, ಬೂದಿ, ಮರದ ಹೊಟ್ಟು ಇಂಥವೇ. ಬೂದಿ ಇಟ್ಟರೆ ಮನೆ ತುಂಬ ಕಪ್ಪು ಹೆಜ್ಜೆ. ಆ ವರ್ಷ ಮಿಷಿಗನ್ ರಾಜ್ಯದಲ್ಲಿ ಎಡ್ ಲೋ ಅನ್ನುವವನ ಹತ್ತಿರ ಪಕ್ಕದ ಮನೆಯವರು ಬೆಕ್ಕಿಗೆ ಮರಳು ಕೇಳಿದರು. ಅವನದು ಕಾರ್ಖಾನೆಗಳಿಗೆ ಎಣ್ಣೆ ಹೀರುವ ಒಣ ಜೇಡಿ ಮಣ್ಣು ಮಾರುವ ವ್ಯಾಪಾರ. ಅದನ್ನೇ ಒಂದು ಚೀಲ ಕೊಟ್ಟ. ಅವರು ಇನ್ನಷ್ಟು ಕೊಡಿ ಅಂತ ಮತ್ತೆ ಬಂದರು. ಆಮೇಲೆ ಚೀಲದ ಮೇಲೆ ಕಿಟ್ಟಿ ಲಿಟರ್ ಅಂತ ಬರೆದು ಮಾರಿ ದೊಡ್ಡ ಶ್ರೀಮಂತನಾದ. ಗಟ್ಟಿ ಕಟ್ಟುವ ಬೆಂಟೊನೈಟ್ ಅನ್ನುವ ಜೇಡಿ ಮಣ್ಣು ಬಂದಿದ್ದು ತುಂಬಾ ಆಮೇಲೆ, 1980 ರ ದಶಕದಲ್ಲಿ.

ತರ್ಲೆ_ತಮ್ಮ
ಮಣ್ಣು ಮಾರಿ ಶ್ರೀಮಂತನಾದ. ನಾವು ಓದಿ ಏನಾದೆವು?

ಸೀದಾ_ಮಾತು
ಇಷ್ಟೆಲ್ಲ ರಗಳೆ ಯಾಕೆ? ಟಾಯ್ಲೆಟ್ ಸೀಟಿನ ಮೇಲೆ ಕೂರಲು ಕಲಿಸಿಬಿಡಿ. ಲಿಟರೂ ಬೇಡ, ಅದನ್ನು ಎತ್ತುವ ಸ್ಕೂಪೂ ಬೇಡ. ಸೀಟಿಗೆ ಸಿಕ್ಕಿಸುವ ಟ್ರೇ ಸಿಗುತ್ತದೆ.

ಹಳೇ_ಪೇಪರ್
ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಇದನ್ನು ತನ್ನ ಬೆಕ್ಕಿಗೆ ಕಲಿಸಿದ್ದ! ಬೆಕ್ಕಿನ ಹೆಸರು ನೈಟ್‌ಲೈಫ್. ರಟ್ಟಿನ ಡಬ್ಬಕ್ಕೆ ಹರಿದ ಪೇಪರ್ ಹಾಕಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಟಾಯ್ಲೆಟ್ ಕಡೆ ಸರಿಸಿ, ಕೊನೆಗೆ ಸೀಟಿನ ಮೇಲೇ ಏರಿಸಿದ. ಬೇರೆಯವರೂ ಕಲಿಸಲಿ ಅಂತ ವಿವರವಾಗಿ ಬರೆದು ಮಾರಿದ ಕೂಡ.

ಪ್ರಾಣಿ_ಡಾಕ್ಟ್ರು
ಮಿಂಗಸ್ ದೊಡ್ಡ ಸಂಗೀತಗಾರ, ಅವರ ಬಗ್ಗೆ ಗೌರವ ಇದೆ. ಆದರೆ ನಾನು ಯಾರಿಗೂ ಇದನ್ನು ಹೇಳುವುದಿಲ್ಲ. ಕೆದರಿ ಮುಚ್ಚುವುದು ಬೆಕ್ಕಿನ ಹುಟ್ಟುಗುಣ, ನೀರಿನ ಮೇಲೆ ಏನನ್ನು ಕೆದರುತ್ತದೆ? ಮರಿ ಕಾಲು ಜಾರಿ ಒಳಗೆ ಬೀಳಬಹುದು. ವಯಸ್ಸಾದ ಮೇಲೆ ಹತ್ತಲು ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಚ್ಚೆ ಎಷ್ಟಾಯಿತು, ಬಣ್ಣ ಹೇಗಿತ್ತು ಅಂತ ನಿಮಗೆ ತಿಳಿಯುವುದೇ ಇಲ್ಲ. ಲಿಟರಿನಲ್ಲಿ ದಿನಾ ಎತ್ತುವ ಉಂಡೆ ದಿಢೀರನೆ ದೊಡ್ಡದಾದರೆ ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇರಬಹುದು ಅಂತ ಅನುಮಾನ ಬರುತ್ತದೆ. ಫ್ಲಶ್ ಮಾಡಿದರೆ ಅದೂ ಹೋಯಿತು.

ಸೀದಾ_ಮಾತು
ಸರಿ ಬಿಡಿ. ಹಾಸಿಗೆಗೆ ಫಿನಾಯಿಲ್ ಒರೆಸಿದರೆ ಆ ಕಡೆ ಬರುವುದಿಲ್ಲ, ಇದಕ್ಕಾದರೂ ಒಪ್ಪಿಗೆ ಇದೆಯಾ?

ಪ್ರಾಣಿ_ಡಾಕ್ಟ್ರು
ಇಲ್ಲವೇ ಇಲ್ಲ! ಫೀನಾಲ್ ಇರುವ ಯಾವುದನ್ನೂ ಬೆಕ್ಕಿನ ಹತ್ತಿರ ತರಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಪಾದಕ್ಕೆ ಅಂಟುತ್ತದೆ, ಪಾದ ನೆಕ್ಕಿಕೊಳ್ಳುತ್ತದೆ, ವಿಷ ಒಳಗೆ ಹೋಯಿತು.

ಕೊತ್ತಿ_ಅಕ್ಕ
ಬ್ಲೀಚೂ ಬೇಡ. ಉಚ್ಚೆಯಲ್ಲಿ ಅಮೋನಿಯ ಇರುತ್ತದೆ, ಬ್ಲೀಚ್ ಜೊತೆ ಸೇರಿದರೆ ಕೆಟ್ಟ ಗ್ಯಾಸ್ ಏಳುತ್ತದೆ, ಒರೆಸುವವರಿಗೇ ಅಪಾಯ. ಅಮೋನಿಯ ಇರುವ ಕ್ಲೀನರ್ ಹಾಕಿದರಂತೂ ಬೆಕ್ಕಿನ ಮೂಗಿಗೆ ಅದು ಇನ್ನೊಂದು ಉಚ್ಚೆ. ಅಲ್ಲೇ ಬಂದು ಮಾಡುತ್ತದೆ.

ಬೇಕಾಗಿರುವುದು ಎಂಜೈಮ್ ಕ್ಲೀನರ್. ಸೋಪಿನಲ್ಲಿ ಒಗೆದರೆ ನಮ್ಮ ಮೂಗಿಗೆ ಹೋಗಿರುತ್ತದೆ, ಅದರ ಮೂಗಿಗೆ ಹೋಗಿರುವುದಿಲ್ಲ. ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಎಂಜೈಮ್ ಅದನ್ನು ಒಡೆಯುತ್ತದೆ. ಮೇಲೆ ಮೇಲೆ ಚಿಮುಕಿಸಿದರೆ ಸಾಲದು, ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ನೆನೆಸಿ, ತಾನಾಗಿ ಒಣಗಲು ಬಿಡಬೇಕು. ಹಳೇ ಕಲೆ ಎಲ್ಲಿದೆ ಅಂತ ತಿಳಿಯದಿದ್ದರೆ ರಾತ್ರಿ ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಹಾಕಿ. ಉಚ್ಚೆ ಆದಲ್ಲೆಲ್ಲ ಹೊಳೆಯುತ್ತದೆ. ಗಟ್ಟಿ ಮನಸ್ಸಿನವರು ಮಾತ್ರ ನೋಡಿ.

ಒಂಟಿ_ಮೀಸೆ
ಟಾರ್ಚ್ ಹಾಕಿ ನೋಡಿದೆ ಅಕ್ಕ. ಈಗ ಮನೆ ಬದಲಾಯಿಸೋಣ ಅನ್ನಿಸುತ್ತಿದೆ.

ತುಂಬಿದ_ಮನೆ
ನಾನು ಈಗ ಗರ್ಭಿಣಿ. ಬೆಕ್ಕನ್ನು ಬೇರೆಯವರಿಗೆ ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಲಿಟರಿನಿಂದ ಮಗುವಿಗೆ ತೊಂದರೆ ಆಗುತ್ತದಂತೆ. ನಿಜವಾ?

ಪ್ರಾಣಿ_ಡಾಕ್ಟ್ರು
ಕೊಡಬೇಕಾಗಿಲ್ಲ ತಾಯಿ. ಟೊಕ್ಸೊಪ್ಲಾಸ್ಮ ಅನ್ನುವ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು, ಅದು ನಿಜ. ಆದರೆ ಬೆಕ್ಕಿಗೆ ಮೊದಲ ಸಲ ಸೋಂಕು ತಗುಲಿದಾಗ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಬರುತ್ತದೆ. ಹೊರಗೆ ಬಿದ್ದ ಮೇಲೂ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ತಪ್ಪದೆ ಬಾಕ್ಸ್ ಶುಚಿ ಮಾಡಿದರೆ ಅಪಾಯ ತುಂಬಾ ಕಡಿಮೆ. ಆ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿ ಮಾಡಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆಕ್ಕು ಹೊರಗೆ ಹೋಗದಿರಲಿ, ಹಸಿ ಮಾಂಸ ಹಾಕಬೇಡಿ. ಸರಿಯಾಗಿ ಬೇಯದ ಮಾಂಸ, ತೋಟದ ಮಣ್ಣು, ತೊಳೆಯದ ತರಕಾರಿಯಿಂದಲೂ ಇದೇ ಸೋಂಕು ಬರುತ್ತದೆ, ಅಲ್ಲೂ ಹುಷಾರಾಗಿರಿ. ನಿಮ್ಮನ್ನು ನೋಡುವ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿಡಿ.

ತರ್ಲೆ_ತಮ್ಮ
ಗಂಡಸರಿಗೆ ಸ್ಕೂಪ್ ಹಿಡಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ ಅಕ್ಕಾ, ಹೆರಿಗೆ ಆದ ಮೇಲೂ ಮುಂದುವರಿಸಿ.

ಬೂದಿಬಾಲ
ಅಪ್‌ಡೇಟ್. ಪರೀಕ್ಷೆ ಮಾಡಿಸಿದೆ, ಏನೂ ತೊಂದರೆ ಇಲ್ಲವಂತೆ. ಲಿಟರ್ ಬದಲಾಯಿಸಿದೆವು, ಈಗ ವಾಸನೆ ಇಲ್ಲದ ಕಾಗದದ ಗುಳಿಗೆ. ಎರಡನೇ ಬಾಕ್ಸನ್ನು ಮುಚ್ಚಳ ಇಲ್ಲದೆ ಮಲಗುವ ಕೋಣೆಯಲ್ಲೇ, ಮಂಚದ ಪಕ್ಕ ಇಟ್ಟೆವು. ಮೊದಲನೆಯದರ ಮುಚ್ಚಳವನ್ನೂ ತೆಗೆದೆವು. ಉಚ್ಚೆ ಈಗ ಹೆಚ್ಚಿನ ಸಲ ಮಂಚದ ಪಕ್ಕದ ಬಾಕ್ಸಿನಲ್ಲಿ ಬೀಳುತ್ತಿದೆ. ಮೊನ್ನೆ ಸೋಫಾ ಮೇಲಿದ್ದ ಟವೆಲ್ ಮಾತ್ರ ಬಿಡಲಿಲ್ಲ. ತೆಗೆದಿಟ್ಟ ಮುಚ್ಚಳವನ್ನು ಮಗುಚಿ ಅದರೊಳಗೆ ಮಲಗುತ್ತಿದೆ!

ಈ ಬಾಕ್ಸ್ ಜೀವನಪೂರ್ತಿ ಮಂಚದ ಪಕ್ಕವೇ ಇರಬೇಕಾ?

ಮೂರು_ಬೆಕ್ಕಿನ_ಮನೆ
ಬೇಡ. ಹಾಸಿಗೆಯ ತಂಟೆಗೆ ಹೋಗುವುದು ಪೂರ್ತಿ ನಿಂತ ಮೇಲೆ ಸರಿಸಲು ಶುರು ಮಾಡಿ. ದಿನಕ್ಕೆ ಒಂದು ಗೇಣು, ಅದಕ್ಕಿಂತ ಜಾಸ್ತಿ ಬೇಡ. ಮಧ್ಯದಲ್ಲಿ ಎಲ್ಲಾದರೂ ತಪ್ಪಿದರೆ ಹಿಂದಿನ ಜಾಗಕ್ಕೆ ತಂದಿಟ್ಟು ಸ್ವಲ್ಪ ಕಾಯಿರಿ. ಅಲ್ಲಿಯ ತನಕ ನೀವು ಇಲ್ಲದ ಹೊತ್ತಿನಲ್ಲಿ ಕೋಣೆ ಬಾಗಿಲು ಹಾಕಿ, ಅದಕ್ಕೊಂದು ಬಾಕ್ಸ್ ಹೊರಗೆ ಇರಲೇಬೇಕು. ಟವೆಲ್, ಹೊದಿಕೆ ಕೈಗೆ ಸಿಗದಂತೆ ಎತ್ತಿಡಿ. ಕೊನೆಗೆ ನಿಲ್ಲಿಸುವ ಜಾಗ ಗಲಾಟೆ ಇಲ್ಲದ್ದಾಗಿರಲಿ. ತಿನ್ನುವ ತಟ್ಟೆಯ ಹತ್ತಿರ ಮಾತ್ರ ಬೇಡ. ತಿನ್ನುವ ಕಡೆ ಬೆಕ್ಕು ಮಾಡುವುದಿಲ್ಲ.

ದಿನಕ್ಕೆ ಒಂದು ಸಲ ಗುಳಿಗೆ ಕೆದಕಿ ಒದ್ದೆಯಾದದ್ದನ್ನು ತೆಗೆಯಿರಿ. ಎರಡು ಸಲವಾದರೆ ಇನ್ನೂ ಒಳ್ಳೆಯದು.

ಹೊಸಬ_ಇಲ್ಲಿ
ನನ್ನದೂ ಒಂದು ಪ್ರಶ್ನೆ. ಗಂಡು, ಏಳು ತಿಂಗಳು. ಬಾಕ್ಸಿಗೆ ಹೋಗುತ್ತಾನೆ, ಆದರೆ ಪರದೆಗೆ, ಬಾಗಿಲಿಗೆ ಬಾಲ ಎತ್ತಿ ಚಿಮುಕಿಸುತ್ತಾನೆ. ವಾಸನೆ ಅಂದರೆ ಯಮಘಾಟು. ಇದಕ್ಕೂ ಬಾಕ್ಸ್ ಬದಲಾಯಿಸಬೇಕಾ?

ಕೊತ್ತಿ_ಅಕ್ಕ
ಬಾಲ ನಡುಗುತ್ತಾ?

ಹೊಸಬ_ಇಲ್ಲಿ
ಹೌದು, ನಿಂತುಕೊಂಡೇ ಬಾಲದ ತುದಿ ಗಡಗಡ ಅಲ್ಲಾಡಿಸುತ್ತಾನೆ.

ಕೊತ್ತಿ_ಅಕ್ಕ
ಹಾಗಾದರೆ ಅದು ಉಚ್ಚೆಯ ಸಮಸ್ಯೆ ಅಲ್ಲ, ಗಡಿ ಗುರುತು. ಮರಿಯಾಗದಂತೆ ಮಾಡುವ ಆಪರೇಷನ್ ಮಾಡಿಸಿ. ಹತ್ತರಲ್ಲಿ ಒಂಬತ್ತು ಗಂಡುಗಳು ಇದರಿಂದ ನಿಲ್ಲಿಸುತ್ತವೆ ಅಥವಾ ತುಂಬಾ ಕಡಿಮೆ ಮಾಡುತ್ತವೆ. ನಾಳೆಯೇ ನಿಲ್ಲಲಿ ಅನ್ನಬೇಡಿ, ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಕಿಟಕಿಯ ಹೊರಗೆ ಬೀದಿ ಬೆಕ್ಕು ಬಂದು ಕೂರುತ್ತದೆಯಾ ಅಂತಲೂ ನೋಡಿ. ಅದು ಕಾಣದಂತೆ ಗಾಜಿಗೆ ಕಾಗದ ಅಂಟಿಸಿದರೆ ಅರ್ಧ ಜಗಳ ಕಡಿಮೆ.

ಒಂಟಿ_ಮೀಸೆ
ನಮ್ಮ ಹಳೆಯ ಬೆಕ್ಕು ಈಗ ಬಾಕ್ಸಿನ ಹೊರಗೆ, ಪಕ್ಕದಲ್ಲೇ ಮಾಡುತ್ತಿದೆ. ಅಷ್ಟು ವರ್ಷ ಅಚ್ಚುಕಟ್ಟಾಗಿತ್ತು. ಕಲಿತದ್ದನ್ನು ಮರೆಯುತ್ತವಾ?

ಪ್ರಾಣಿ_ಡಾಕ್ಟ್ರು
ಮರೆವೂ ಇರಬಹುದು. ಆದರೆ ಮೊದಲು ಕೀಲು ನೋಡಿಸಿ. ವಯಸ್ಸಾದ ಬೆಕ್ಕುಗಳಲ್ಲಿ ಕೀಲುನೋವು ಬಹಳ, ಅವು ಕುಂಟಿ ತೋರಿಸುವುದಿಲ್ಲ. ಬಾಕ್ಸಿನ ತನಕ ಬಂದು ಒಳಗೆ ಕಾಲೆತ್ತಿ ಇಡಲು ನೋವಾಗಿ ಪಕ್ಕದಲ್ಲೇ ಕೂತುಬಿಡುತ್ತವೆ. ಒಂದು ಕಡೆ ತೀರಾ ತಗ್ಗಿರುವ ಟ್ರೇ ಇಡಿ, ಮನೆಗೆ ಮೆಟ್ಟಿಲಿದ್ದರೆ ಮೇಲೊಂದು ಕೆಳಗೊಂದು.

ಸೀದಾ_ಮಾತು
ತಾನೇ ಶುಚಿ ಮಾಡಿಕೊಳ್ಳುವ ಆಟೊಮ್ಯಾಟಿಕ್ ಬಾಕ್ಸ್ ಯಾರಾದರೂ ಇಟ್ಟುಕೊಂಡಿದ್ದೀರಾ? ಇದಕ್ಕೆ ಡಾಕ್ಟ್ರು ಏನು ಅಡ್ಡಿ ಹೇಳುತ್ತಾರೋ ನೋಡೋಣ.

ಹಿತ್ತಲ_ಗಿಡ
ನಮ್ಮಲ್ಲಿದೆ. ಮೋಟಾರ್ ಸದ್ದಿಗೆ ಒಂದು ಬೆಕ್ಕು ಹತ್ತಿರವೇ ಹೋಗುವುದಿಲ್ಲ. ಇನ್ನೊಂದು ಅದು ತಿರುಗುವುದನ್ನು ನೋಡಲೆಂದೇ ಎದುರು ಕೂರುತ್ತದೆ. ಸಣ್ಣ ಮರಿ ಇರುವ ಮನೆಗೆ ಬೇಡವೇ ಬೇಡ. ಮರಿಯ ತೂಕ ಕಡಿಮೆ, ಒಳಗೆ ಬೆಕ್ಕಿದೆ ಅಂತ ಯಂತ್ರಕ್ಕೆ ತಿಳಿಯದೆ ಹೋಗಬಹುದು. ದೊಡ್ಡವಕ್ಕೂ ಮೊದಲು ಕರೆಂಟ್ ಹಾಕದೆ ಸುಮ್ನೆ ಬಾಕ್ಸಿನ ಹಾಗೆ ಬಳಸಲು ಬಿಡಿ.

ಪ್ರಾಣಿ_ಡಾಕ್ಟ್ರು
ನಾನು ಹೇಳಬೇಕೆಂದಿದ್ದ ಅಡ್ಡಿಯನ್ನು ಅವರೇ ಹೇಳಿದರು.

ಹೊಸಬ_ಇಲ್ಲಿ
ಬಳಸಿದ ಲಿಟರನ್ನು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಬಹುದಾ?

ಹಳೇ_ಪೇಪರ್
ಬೇಡ. ಮಣ್ಣಿನದಾದರೆ ಪೈಪಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಫ್ಲಶ್ ಮಾಡಬಹುದು ಅಂತ ಬರೆದಿರುವುದೂ ಬೇಡ. ಟೊಕ್ಸೊಪ್ಲಾಸ್ಮದ ಮೊಟ್ಟೆ ಕೊಳಚೆ ನೀರಿನ ಶುದ್ಧೀಕರಣದಲ್ಲಿ ಪೂರ್ತಿ ಸಾಯುವುದಿಲ್ಲ. ಕ್ಯಾಲಿಫೋರ್ನಿಯ ಕರಾವಳಿಯಲ್ಲಿ ಕಡಲ ನೀರುನಾಯಿಗಳು ಈ ಸೋಂಕಿನಿಂದ ಸತ್ತದ್ದು ಕಂಡುಬಂದಿದೆ. ಚೀಲಕ್ಕೆ ಹಾಕಿ, ಬಿಗಿಯಾಗಿ ಕಟ್ಟಿ, ಕಸಕ್ಕೆ ಕೊಡಿ.

ತರ್ಲೆ_ತಮ್ಮ
ಗಂಟು ಬಿಗಿಯಾಗಿರಲಿ ಗುರು. ಮೆಟ್ಟಿಲಿಳಿಯುವಾಗ ಬಿಚ್ಚಿಕೊಂಡರೆ ಪಕ್ಕದ ಮನೆಯವರು ನಿಮ್ಮನ್ನು ಈ ಜನ್ಮದಲ್ಲಿ ಮಾತಾಡಿಸುವುದಿಲ್ಲ.